ಹಿಸ್ಸೆಯ ಗೆರೆ ಎತ್ತ ಕಡೆಗೆ?

ಜಮೀನಿನ ನಕ್ಷೆಗಳಿಗೆ ತಂತ್ರಾಂಶ ಬರೆಯುವುದು ನನ್ನ ಕಸುಬು. "ಹೊಲವನ್ನು ಎರಡು ಸಮಪಾಲು ಮಾಡಿಕೊಡಿ" ಎಂದು ಬರುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಆಯತವೇ ಇರುತ್ತದೆ: ಉದ್ದ ಅಳೆ, ನಡುವೆ ಗೂಟ ಹೊಡೆ. ಹೊಲಗಳು ಹಾಗಿರುವುದಿಲ್ಲ.

ರಸ್ತೆಯ ಬದಿ 60 ಮೀಟರ್, ಅದಕ್ಕೆ ಸಮಾನಾಂತರವಾದ ಹಿಂಬದಿ 20, ಆಳ 100 ಮೀಟರ್ ಎಂದುಕೊಳ್ಳಿ. ಒಟ್ಟು 4,000 ಚದರ ಮೀಟರ್, ಎಕರೆಗೆ ಸುಮಾರು ಅರ್ಧ ಗುಂಟೆ ಕಡಿಮೆ. 50 ಮೀಟರಿಗೆ ಅಡ್ಡಗೆರೆ ಎಳೆದರೆ ಮುಂದಿನವನಿಗೆ 2,500, ಹಿಂದಿನವನಿಗೆ 1,500; ಅಂತರ ಹತ್ತಿರ ಹತ್ತಿರ ಹತ್ತು ಗುಂಟೆ! ನಿಜವಾದ ಅರ್ಧ ಇರುವುದು ರಸ್ತೆಯಿಂದ 38.2 ಮೀಟರಿನಲ್ಲಿ.

ಮೂಲೆಗಳು ಎಷ್ಟೇ ಇರಲಿ, ಪ್ರೋಗ್ರಾಮ್ ಮಾಡುವ ಕೆಲಸ ಸರಳ. ಗೆರೆಯೊಂದನ್ನು ಇಟ್ಟು ಹೊಲವನ್ನು ಕತ್ತರಿಸುತ್ತದೆ. ತುಂಡಿನ ಮೂಲೆಗಳ ನಿರ್ದೇಶಾಂಕಗಳನ್ನು ಅಡ್ಡಡ್ಡ ಗುಣಿಸುವ 'ಶೂಲೇಸ್' ಸೂತ್ರದಿಂದ ಕ್ಷೇತ್ರಫಲ ತೆಗೆಯುತ್ತದೆ. ಕಡಿಮೆಯಾದರೆ ಗೆರೆಯನ್ನು ಮುಂದಕ್ಕೆ, ಹೆಚ್ಚಾದರೆ ಹಿಂದಕ್ಕೆ ಸರಿಸುತ್ತದೆ. ಪ್ರತಿ ಸಲವೂ ಹುಡುಕುವ ಅಂತರ ಅರ್ಧವಾಗುವುದರಿಂದ, 100 ಮೀಟರಿನ ಆಳ ಇಪ್ಪತ್ತೇ ಸುತ್ತಿನಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಬದುವಿನ ಅಗಲದ ಮುಂದೆ ಈ ನಿಖರತೆ ಹಾಸ್ಯಾಸ್ಪದ, ಇರಲಿ.

ಹೊಸಬರು ಎಡವುವುದು ಬೇರೆ ಕಡೆ. ಮೊಬೈಲ್ ಜಿಪಿಎಸ್ ಕೊಟ್ಟ ಅಕ್ಷಾಂಶ, ರೇಖಾಂಶಗಳನ್ನೇ ನೇರವಾಗಿ 'ಶೇಪ್ಲಿ' ಎಂಬ, ಆಕೃತಿಗಳ ಲೆಕ್ಕ ಮಾಡುವ ಪೈಥಾನ್ ಲೈಬ್ರರಿಗೆ ಉಣಿಸಿ, ಕ್ಷೇತ್ರಫಲ ಸೊನ್ನೆಗೆ ಸಮೀಪ ಬಂತೆಂದು ಗಾಬರಿಯಾಗುತ್ತಾರೆ. ಅದು ಚದರ ಡಿಗ್ರಿ! ಮೊದಲು ಮೀಟರಿಗೆ ಪರಿವರ್ತಿಸಬೇಕು. ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ 'ಯುಟಿಎಂ' ಪದ್ಧತಿಯಲ್ಲಿ ಕರ್ನಾಟಕದ ಬಹುಪಾಲು 43ನೇ ವಲಯಕ್ಕೆ ಸೇರುತ್ತದೆ. ಕೋಲಾರದ ಕಡೆಯ ಜಮೀನಾದರೆ 78 ಡಿಗ್ರಿ ರೇಖಾಂಶ ದಾಟಿ 44ಕ್ಕೆ ಹೋಗಿರಬಹುದು, ನೋಡಿಕೊಳ್ಳಿ. ಎಲ್ ಆಕಾರದ ಹೊಲದಲ್ಲಿ ಇನ್ನೊಂದು ತಾಪತ್ರಯ: ಕ್ಷೇತ್ರಫಲ ಸರಿಯಿದ್ದರೂ ಒಬ್ಬನ ಪಾಲು ಎರಡು ತುಂಡಾಗಿ ಬೀಳಬಹುದು.

ಇಷ್ಟಾದರೂ ಗೆರೆಯ ದಿಕ್ಕನ್ನು ಕಂಪ್ಯೂಟರ್ ತಾನಾಗಿ ತಿಳಿಯಲಾರದು. ಮೇಲಿನ 38.2 ಮೀಟರಿನ ಗೆರೆ ಲೆಕ್ಕಕ್ಕೆ ಸರಿ, ಬಾಳಿಗೆ ತಪ್ಪು: ಹಿಂದಿನ ಪಾಲಿಗೆ ರಸ್ತೆಯೇ ಇಲ್ಲ. ಗಾಡಿ ಯಾರ ಹೊಲದ ಮೇಲೆ ಹಾಯಬೇಕು? ಅದಕ್ಕೇ ನಾನು ಮೊದಲು ಕೇಳುವುದು ದಾರಿ ಎಲ್ಲಿದೆ, ಬಾವಿ ಎಲ್ಲಿದೆ ಎಂದು.

ಈ ಹೊಲದಲ್ಲಂತೂ ರಸ್ತೆಬದಿಯ ನಡುವಿನಿಂದ ಹಿಂಬದಿಯ ನಡುವಿಗೆ ಗೆರೆ ಎಳೆದರೆ ಸಾಕು. ಇಬ್ಬರಿಗೂ ಮುಂದೆ 30 ಮೀಟರ್, ಹಿಂದೆ 10, ಆಳ 100. ತಲಾ 2,000 ಚದರ ಮೀಟರ್, ಇಬ್ಬರಿಗೂ ರಸ್ತೆ. ಮೂವರಾದರೆ ಮುಂದೆ 20, ಹಿಂದೆ 6.67. ಇದಕ್ಕೆ ಪ್ರೋಗ್ರಾಮ್ ಬೇಡ. ನಡುವೆ ಗೂಟ ಹೊಡೆಯಿರಿ ಎಂದವರ ಮಾತೇ ನಿಂತಿತು, ಗೂಟ ಹೊಡೆಯುವ ಬದಿ ಮಾತ್ರ ಬೇರೆ.