ಫ್ಲ್ಯಾಕ್: ಫಿರಂಗಿಯಿಂದ ಹುಟ್ಟಿದ ಬೈಗುಳ

ಅಕ್ಕನ ಮಗಳು ಹಾಸನದಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಮೊನ್ನೆ ಇಂಗ್ಲಿಷ್ ಪೇಪರ್ ತಂದು ಒಂದು ತಲೆಬರಹ ತೋರಿಸಿದಳು. 'ಮಾವ, ಅಧಿಕಾರಿಗಳು ಫ್ಲ್ಯಾಕ್ ಡ್ರಾ ಮಾಡಿದ್ರು ಅಂದ್ರೆ ಏನು? ಬಾವುಟ ಬಿಡಿಸಿದ್ರಾ?'

ಬಾವುಟವಲ್ಲ, ಅದು ಫಿರಂಗಿ. ಜರ್ಮನ್ ಭಾಷೆಯಲ್ಲಿ 'ಫ್ಲೀಗರ್ ಅಬ್ವೆರ್ ಕನೋನೆ' ಅನ್ನುವ ಉದ್ದನೆಯ ಪದವಿದೆ. ಹಾರುವವರನ್ನು ತಡೆಯುವ ಫಿರಂಗಿ ಅಂತ ಅರ್ಥ. ಅದನ್ನೇ ಮೊಟಕು ಮಾಡಿ ಫ್ಲ್ಯಾಕ್ ಅಂದರು. 1938ರ ಹೊತ್ತಿಗೆ ಇದು ಇಂಗ್ಲಿಷಿಗೂ ಬಂತು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ 88 ಮಿಲಿಮೀಟರ್ ಫಿರಂಗಿಗಳು ಬಾಂಬರ್ ವಿಮಾನಗಳತ್ತ ಗುಂಡು ಹಾರಿಸುತ್ತಿದ್ದವು. ಗುಂಡು ವಿಮಾನಕ್ಕೆ ನೇರವಾಗಿ ತಾಗಲೇಬೇಕು ಅಂತಿರಲಿಲ್ಲ. ಆಕಾಶದಲ್ಲೇ ಸಿಡಿಯುತ್ತಿತ್ತು. ಕಪ್ಪು ಹೊಗೆ, ಸುತ್ತ ಚಿಮ್ಮುವ ಲೋಹದ ಚೂರು. ಅದರ ನಡುವೆಯೇ ವಿಮಾನ ಸಾಗಬೇಕು. ಆ ಚೂರುಗಳಿಂದ ಮೈ ಕಾಯಲು ತೊಡುತ್ತಿದ್ದ ಕವಚವೇ ಫ್ಲ್ಯಾಕ್ ಜಾಕೆಟ್.

ಯುದ್ಧ ಮುಗಿದರೂ ಪದ ಉಳಿಯಿತು. 1960ರ ದಶಕದಲ್ಲಿ ಅಮೆರಿಕದವರು ಕಟು ಟೀಕೆಗೂ ಇದನ್ನೇ ಬಳಸತೊಡಗಿದರು.

ನನಗೆ ಈ ಪದ ಇಷ್ಟವಾಗೋದು ಆ ಚೂರುಗಳಿಂದಲೇ. ಆಲೂರು, ಸಕಲೇಶಪುರದ ಕಡೆ ಕಾಡಾನೆ ತೋಟಕ್ಕೆ ನುಗ್ಗಿದ ಮಾರನೇ ಬೆಳಗ್ಗೆ ನೆನೆಸಿಕೊಳ್ಳಿ. ಜೀಪಿನಿಂದ ಇಳಿದ ಅಧಿಕಾರಿಯ ಮುಂದೆ ಒಬ್ಬರು ಮುರಿದ ಕಾಫಿ ಕೊಂಬೆ ಹಿಡಿದು ನಿಲ್ಲುತ್ತಾರೆ. ಹಿಂದಿನಿಂದ ಇನ್ನೊಬ್ಬರು 'ಪರಿಹಾರ ಯಾವಾಗ ಕೊಡ್ತೀರಿ?' ಅಂತಾರೆ. ಪಕ್ಕದಿಂದ ಮತ್ತೊಂದು ದನಿ. ಯಾರಿಗೆ ಅಂತ ಉತ್ತರ ಕೊಡೋದು? ಫ್ಲ್ಯಾಕ್ ಅಂದರೆ ಅದು. ಒಬ್ಬರು ಕರೆದು ಗದರುವುದಲ್ಲ, ಎಲ್ಲ ಕಡೆಯಿಂದ ಬಂದು ಬೀಳುವುದು.

ಬಳಸುವಾಗ ಸ್ವಲ್ಪ ಎಚ್ಚರ ಬೇಕು. ಇದಕ್ಕೆ ಬಹುವಚನ ಇಲ್ಲ. ಎಷ್ಟೇ ಟೀಕೆ ಬಂದರೂ ಫ್ಲ್ಯಾಕ್ಸ್ ಅನ್ನಬಾರದು. ಕೆ ಅಕ್ಷರಕ್ಕೆ ಮೊದಲು ಸಿ ಸೇರಿಸಿ ಬರೆಯುವವರೂ ಇದ್ದಾರೆ. ಆದರೆ ಆ ಸ್ಪೆಲ್ಲಿಂಗಿಗೆ ಪ್ರಚಾರದ ಏಜೆಂಟ್ ಅನ್ನುವ ಬೇರೆ ಅರ್ಥವೂ ಇರೋದರಿಂದ ಸಿ ಬಿಡುವುದೇ ಒಳ್ಳೆಯದು.

ಕನ್ನಡದಲ್ಲಿ ಏನನ್ನಬೇಕು? 'ತರಾಟೆಗೆ ತೆಗೆದುಕೊಂಡರು', 'ಚಳಿ ಬಿಡಿಸಿದರು', 'ಮಂಗಳಾರತಿ ಎತ್ತಿದರು' ಇವೆಲ್ಲ ಬೈದವರ ಕಡೆಯ ಮಾತು. ಫ್ಲ್ಯಾಕ್ ಡ್ರಾ ಮಾಡುವುದು ಬೈಸಿಕೊಂಡವರ ಕಡೆಯದು. ಪೇಪರಿನವರು ಬರೆಯುವ 'ಆಕ್ರೋಶಕ್ಕೆ ಗುರಿಯಾದರು' ಸರಿಯಾಗಿ ಹೊಂದುತ್ತದೆ. ಅಲ್ಲೂ ಒಂದು ಗುರಿ ಇದೆ, ಅಲ್ವಾ?

ಹುಡುಗಿಗೆ ಅಷ್ಟೆಲ್ಲ ಬೇಕಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಫ್ಲ್ಯಾಕ್ ಪಕ್ಕ 'ಊರವರ ಹತ್ರ ಉಗಿಸಿಕೊಳ್ಳೋದು' ಅಂತ ಬರೆದುಕೊಂಡಳು. ನಾನು ತಿದ್ದಲಿಲ್ಲ.