ಹೆಜ್ಜೆ ಎಣಿಸುವ ಯಂತ್ರ ಏರನ್ನು ಎಣಿಸುತ್ತದೆಯೇ?

ಮಡಿಕೇರಿಯ ರಾಜಾಸೀಟ್ ಕಡೆ ಬೆಳಗಿನ ನಡಿಗೆಗೆ ಬರುವವರು ಈಗ ಮಂಜಿಗಿಂತ ಮೊದಲು ಮಣಿಕಟ್ಟು ನೋಡಿಕೊಳ್ಳುತ್ತಾರೆ. ಹತ್ತು ಸಾವಿರ ಹೆಜ್ಜೆ ಆಗದಿದ್ದರೆ ಮನೆಯಂಗಳದಲ್ಲಿ ಇನ್ನೆರಡು ಸುತ್ತು. ಇದು ವೈದ್ಯರು ಗೊತ್ತುಮಾಡಿದ ಸಂಖ್ಯೆ ಎಂದು ನಂಬಿದವರೇ ಹೆಚ್ಚು. ಆದರೆ ಅದನ್ನು ಜನಪ್ರಿಯಗೊಳಿಸಿದ್ದು ವ್ಯಾಪಾರ. 1964ರ ಟೋಕಿಯೊ ಒಲಿಂಪಿಕ್ಸ್ ಜಪಾನಿನಲ್ಲಿ ವ್ಯಾಯಾಮದ ಹುಮ್ಮಸ್ಸು ಎಬ್ಬಿಸಿತ್ತು. ಮರುವರ್ಷ ಯಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮಾಪಕವೊಂದನ್ನು ಮಾರಾಟಕ್ಕಿಟ್ಟು, ಹತ್ತು ಸಾವಿರವನ್ನು ಅದರ ಹೆಸರಿನಲ್ಲೇ ಸೇರಿಸಿತು.

ಅದಕ್ಕೂ ಹಿಂದೆ ಹೆಜ್ಜೆ ಎಣಿಸುತ್ತಿದ್ದದ್ದು ಹೆಚ್ಚಾಗಿ ದೂರ ಅಳೆಯಲು. 1860ರ ದಶಕದಲ್ಲಿ ಬ್ರಿಟಿಷರ ಭೂಮಾಪನಕ್ಕಾಗಿ ವೇಷ ಮರೆಸಿಕೊಂಡು ಟಿಬೆಟ್ಟಿನ ಲಾಸಾಕ್ಕೆ ನಡೆದ ನೈನ್ ಸಿಂಗ್ ಬಳಿಯಿದ್ದ ಜಪಮಾಲೆಯಲ್ಲಿ 108ರ ಬದಲು 100 ಮಣಿಗಳಿದ್ದವು. ನೂರು ಹೆಜ್ಜೆಗೆ ಒಂದು ಮಣಿ. ಕಾವಲುಗಾರರಿಗೆ ಕಂಡದ್ದು ಭಕ್ತಿ ಮಾತ್ರ!

ಹಳೆಯ ಯಂತ್ರದೊಳಗೆ ಸ್ಪ್ರಿಂಗಿಗೆ ಕಟ್ಟಿದ ಸಣ್ಣ ಸನ್ನೆಯೊಂದಿತ್ತು. ಸೊಂಟ ಕುಲುಕಿದಾಗಲೆಲ್ಲ ಅದು ಮೇಲೆ ಕೆಳಗೆ ಆಡಿ ಒಂದೊಂದು ಹೆಜ್ಜೆ ಕೂಡಿಸುತ್ತಿತ್ತು. ಇಂದಿನ ಕೈಗಡಿಯಾರ, ಮೊಬೈಲ್‌ಗಳಲ್ಲಿ ಆ ಕೆಲಸ ಸಿಲಿಕಾನ್ ಚಿಪ್‌ನದು. ಅದರೊಳಗಿನ ಅತಿಸಣ್ಣ ತೂಕ ಅಲುಗಿದಂತೆ ವಿದ್ಯುತ್ ಸಂಕೇತ ಬದಲಾಗುತ್ತದೆ, ಆ ಏರಿಳಿತದಲ್ಲಿ ನಡಿಗೆಯ ಲಯವನ್ನು ತಂತ್ರಾಂಶ ಹುಡುಕುತ್ತದೆ. ಅಂದರೆ ಯಂತ್ರಕ್ಕೆ ಪಾದ ಕಾಣುವುದಿಲ್ಲ, ಕುಲುಕಾಟವಷ್ಟೇ ಗೊತ್ತು.

ಕೊಡಗಿನಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಕಾಫಿ ಕೊಯ್ಲಿನಲ್ಲಿ ಒಂದು ಗಿಡದಿಂದ ಇನ್ನೊಂದಕ್ಕೆ ಎರಡು ಹೆಜ್ಜೆ, ಮತ್ತೆ ನಿಲುವು. ಲಯವಿಲ್ಲದ ಇಂಥ ನಡೆಯನ್ನು ಅನೇಕ ಸಾಧನಗಳು ಕೈಬಿಡುತ್ತವೆ. ತೋಟದ ಕಚ್ಚಾ ರಸ್ತೆಯಲ್ಲಿ ಜೀಪಿನಲ್ಲಿ ಕುಳಿತವರ ಲೆಕ್ಕಕ್ಕೆ ಮಾತ್ರ ನಡೆಯದ ಹೆಜ್ಜೆಗಳೂ ಸೇರಬಹುದು. ದಿನವಿಡೀ ಇಳಿಜಾರಿನಲ್ಲಿ ಹಣ್ಣಿನ ಚೀಲ ಹೊತ್ತವರಿಗಿಂತ ಜೀಪಿನವರು ಚುರುಕು ಎಂದು ಗಡಿಯಾರ ಹೇಳಿದರೆ ನಗುವುದೋ ಅಳುವುದೋ? 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತುವ ಸಾವಿರ ಹೆಜ್ಜೆಗೂ ಕುಶಾಲನಗರದ ಸಮತಟ್ಟು ರಸ್ತೆಯ ಸಾವಿರಕ್ಕೂ ಎಣಿಕೆಯಲ್ಲಿ ಭೇದವಿಲ್ಲ.

ಸಂಶೋಧನೆ ಬಂದದ್ದು ತಡವಾಗಿ. ಅಮೆರಿಕದ 16,000ಕ್ಕೂ ಹೆಚ್ಚು ಹಿರಿಯ ಮಹಿಳೆಯರನ್ನು ಗಮನಿಸಿದ 2019ರ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ಇಟ್ಟವರಿಗಿಂತ 4,400 ಇಟ್ಟವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು. 7,500ರ ಆಚೆ ಹೆಚ್ಚುವರಿ ಲಾಭ ಕಾಣಲಿಲ್ಲ. ಹಾಗಾಗಿ ಹತ್ತು ಸಾವಿರ ಮುಟ್ಟದ ಅಜ್ಜಿಯರು ಕೊರಗಬೇಕಾಗಿಲ್ಲ.

ಏರಿನ ಲೆಕ್ಕವೂ ಬೇಕೆನ್ನುವವರು ಗಾಳಿಯ ಒತ್ತಡ ಅಳೆಯುವ ಸಂವೇದಕವಿರುವ ಗಡಿಯಾರ ಕೊಳ್ಳಬಹುದು. ಸುಮಾರು ಮೂರು ಮೀಟರ್ ಹತ್ತಿದರೆ ಅದು ಒಂದು ಮಹಡಿ ಎಂದು ದಾಖಲಿಸುತ್ತದೆ. ಮಳೆಗಾಲದಲ್ಲಿ ಹವೆಯ ಒತ್ತಡವೇ ಏರುಪೇರಾಗುವುದರಿಂದ ಆಗ ಅದನ್ನೂ ತುಸು ಅನುಮಾನದಿಂದಲೇ ನೋಡಬೇಕು.