ಕಾರಿನ ಮೆಮೊರಿಯಲ್ಲಿ ಎಷ್ಟು ಕೀಗಳಿವೆ?

ಸ್ಟೇರಿಂಗ್ ಕೆಳಗಿನ ವೈರ್ ಕಿತ್ತು ತುದಿಗೆ ತುದಿ ತಾಗಿಸಿ ಗಾಡಿ ಸ್ಟಾರ್ಟ್ ಮಾಡುತ್ತಿದ್ದದ್ದು ಅಂಬಾಸಿಡರ್, ಪದ್ಮಿನಿ ಕಾಲದ ಮಾತು. ಈಗಿನ ಕಾರಿನಲ್ಲಿ ಅದೇ ಕೆಲಸ ಮಾಡಿದರೆ ಸ್ಟಾರ್ಟರ್ ಮೋಟಾರ್ ತಿರುಗಬಹುದು, ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ರಸ್ತೆ ಬದಿಯಲ್ಲಿ ಕತ್ತರಿಸಿಕೊಟ್ಟ ಬರೀ ಲೋಹದ ಡೂಪ್ಲಿಕೇಟ್ ಕೀ ಬಾಗಿಲು ತೆಗೆಯುತ್ತದೆ, ಇಗ್ನಿಷನ್ ಬೀಗವನ್ನೂ ತಿರುಗಿಸುತ್ತದೆ. ಆದರೆ ಇಂಜಿನ್ ಒಂದೆರಡು ಸೆಕೆಂಡ್ ಓಡಿ ಆರಿಹೋಗುತ್ತದೆ, ಇಲ್ಲವೇ ಸ್ಟಾರ್ಟೇ ಆಗುವುದಿಲ್ಲ. ತಡೆಯುತ್ತಿರುವುದು ಇಮ್ಮೊಬಿಲೈಜರ್, ಅಂದರೆ ತನ್ನ ಕೀಯ ಗುರುತು ಸಿಗದೆ ಇಂಜಿನ್ ಓಡಗೊಡದ ವ್ಯವಸ್ಥೆ. ಮಾರುತಿ ಕಾರುಗಳಲ್ಲಿ ಐಕ್ಯಾಟ್ಸ್ ಎಂಬ ಹೆಸರಿನಲ್ಲಿ ಬರುವುದೂ ಇದೇ.

ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗಾಜಿನ ಕೊಳವೆಯೋ ಕಪ್ಪು ಬಿಲ್ಲೆಯೋ ಇರುತ್ತದೆ. ಅದು ಟ್ರಾನ್ಸ್‌ಪಾಂಡರ್ ಚಿಪ್. ಅದಕ್ಕೆ ಸೆಲ್ ಬೇಡ. ಇಗ್ನಿಷನ್ ಬೀಗದ ಬಾಯಿಯ ಸುತ್ತ ತಾಮ್ರದ ತಂತಿಯ ಕಾಯಿಲ್ ಒಂದು ಬಳೆಯ ಹಾಗೆ ಕೂತಿರುತ್ತದೆ. ಕೀ ಹಾಕಿ ಆನ್ ಮಾಡಿದ ಕೂಡಲೇ ಆ ಕಾಯಿಲ್ ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನ, ಕೆಲವು ಕಾರುಗಳಲ್ಲಿ 134.2 ಕಿಲೋಹರ್ಟ್ಸ್‌ನ ಅಲೆ ಹೊರಡಿಸುತ್ತದೆ. ಚಿಪ್ಪಿಗೆ ಬೇಕಾದ ಕರೆಂಟು ಆ ಅಲೆಯಿಂದಲೇ ಸಿಗುತ್ತದೆ. ಎಚ್ಚರವಾದ ಚಿಪ್ ತನ್ನ ಗುರುತಿನ ಸಂಖ್ಯೆ ಹೇಳುತ್ತದೆ. ಕಾರು ಆಗಷ್ಟೇ ಹುಟ್ಟಿಸಿದ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಚಿಪ್ಪಿಗೆ ಕಳಿಸುತ್ತದೆ. ಚಿಪ್ ತನ್ನೊಳಗಿನ ಗುಪ್ತ ಸಂಖ್ಯೆ ಸೇರಿಸಿ ಲೆಕ್ಕ ಮಾಡಿ ಉತ್ತರ ಕೊಡುತ್ತದೆ. ಕಾರು ಅದೇ ಲೆಕ್ಕವನ್ನು ತಾನೂ ಮಾಡಿ ತಾಳೆ ನೋಡುತ್ತದೆ. ನೀವು ಕೀಯನ್ನು ಆನ್‌ನಿಂದ ಸ್ಟಾರ್ಟ್‌ಗೆ ತಿರುಗಿಸುವಷ್ಟರಲ್ಲಿ ಇಷ್ಟೂ ಮುಗಿದಿರುತ್ತದೆ. ಪ್ರತಿ ಸಲವೂ ಪ್ರಶ್ನೆ ಬೇರೆ, ಉತ್ತರ ಬೇರೆ. ಹಾಗಾಗಿ ಒಮ್ಮೆ ನಡೆದ ಮಾತುಕತೆಯನ್ನು ಕದ್ದು ಕೇಳಿ ಮತ್ತೊಮ್ಮೆ ಅದನ್ನೇ ಒಪ್ಪಿಸಿದರೆ ಕಾರು ನಂಬುವುದಿಲ್ಲ.

ಉತ್ತರ ತಾಳೆಯಾದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಇಂಜೆಕ್ಟರ್‌ಗಳಿಗೆ ಇಂಧನ ಬಿಡಲು ಅನುಮತಿ ಕೊಡುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕನ್ನೂ ಬಿಡುತ್ತದೆ. ಹಳೆಯ ಡೀಸೆಲ್ ಗಾಡಿಗಳಲ್ಲಿ ಇಂಧನ ಪಂಪಿನ ಮೇಲಿನ, ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ಕವಾಟವೇ ಈ ಅನುಮತಿಗೆ ಕಾಯುತ್ತಿತ್ತು. ಕೆಲವು ಕಾರುಗಳು ಸ್ಟಾರ್ಟರ್ ಮೋಟಾರನ್ನೂ ತಿರುಗಗೊಡುವುದಿಲ್ಲ. ಇನ್ನೊಂದು ಸಂಗತಿ ಮುಖ್ಯ: ಕೀಯನ್ನು ಗುರುತಿಸುವ ಯೂನಿಟ್ಟಿಗೂ ಇಂಜಿನ್ ಓಡಿಸುವ ಇಸಿಯುಗೂ ನಡುವೆ ಅವುಗಳದೇ ಗುಟ್ಟಿನ ಸಂಖ್ಯೆ ಇರುತ್ತದೆ. ಗುಜರಿಯಿಂದ ತಂದ ಇಸಿಯು ಹಾಕಿದರೆ ಕಾರು ಸ್ಟಾರ್ಟ್ ಆಗದಿರುವುದು ಇದರಿಂದ. ಇಸಿಯು ಕೆಟ್ಟುಹೋದರೆ ಹೊಸದನ್ನು ಕೂರಿಸಿದ ಮೇಲೆ ಸ್ಕ್ಯಾನರ್ (ಕಾರಿನ ಕಂಪ್ಯೂಟರುಗಳ ಜೊತೆ ಮಾತಾಡುವ ಗ್ಯಾರೇಜಿನ ಯಂತ್ರ) ಹಾಕಿ ಎರಡನ್ನೂ ಜೋಡಿಸಲೇಬೇಕು.

ಯುರೋಪಿಯನ್ ಒಕ್ಕೂಟದಲ್ಲಿ 1998ರ ಅಕ್ಟೋಬರ್‌ನಿಂದ, ಕೆನಡಾದಲ್ಲಿ 2007ರ ಸೆಪ್ಟೆಂಬರ್‌ನಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ಅಮೆರಿಕದಲ್ಲಿ ಕಡ್ಡಾಯ ಮಾಡಲಿಲ್ಲ. ಅಲ್ಲಿ ಇಮ್ಮೊಬಿಲೈಜರ್ ಇಲ್ಲದೆ ಮಾರಾಟವಾಗಿದ್ದ ಹ್ಯುಂಡೈ, ಕಿಯಾ ಮಾಡೆಲ್‌ಗಳನ್ನು 2021–22ರ ಸುಮಾರಿಗೆ ಹುಡುಗರು ಬೀಗದ ಕವರ್ ಒಡೆದು ಸಾಲುಸಾಲಾಗಿ ಕದ್ದರು. ಅವೇ ಕಂಪನಿಗಳ ಇಮ್ಮೊಬಿಲೈಜರ್ ಇದ್ದ ಕಾರುಗಳು ಆ ಉಪಾಯಕ್ಕೆ ಬಗ್ಗಲಿಲ್ಲ. ಒಂದು ಚಿಪ್, ಒಂದು ಕಾಯಿಲ್ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಎಲ್ಲ ಚಿಪ್ಪುಗಳೂ ಒಂದೇ ಗಟ್ಟಿತನದವಲ್ಲ. ಮೊದಲ ತಲೆಮಾರಿನ ಚಿಪ್ಪಿನಲ್ಲಿ ಪ್ರಶ್ನೆಯೇ ಇರಲಿಲ್ಲ, ಒಂದೇ ಸಂಖ್ಯೆಯನ್ನು ಸದಾ ಹೇಳುತ್ತಿತ್ತು. ಆಮೇಲೆ ಬಂದ 40 ಬಿಟ್ ಗುಪ್ತ ಸಂಖ್ಯೆಯ ಡಿಎಸ್‌ಟಿ ಚಿಪ್ಪನ್ನು 2005ರಲ್ಲಿ, 48 ಬಿಟ್‌ನ ಹೈಟ್ಯಾಗ್2 ಚಿಪ್ಪನ್ನು 2012ರಲ್ಲಿ ಸಂಶೋಧಕರು ಭೇದಿಸಿ ತೋರಿಸಿದರು. ಹೈಟ್ಯಾಗ್2 ನಮ್ಮ ರಸ್ತೆಗಳಲ್ಲಿ ಓಡುವ ಎಷ್ಟೋ ಕಾರುಗಳ ಕೀಯಲ್ಲಿದೆ. ಕೀ ಮಾಡುವವರು ಅದನ್ನು 46 ನಂಬರಿನ ಚಿಪ್ ಎನ್ನುತ್ತಾರೆ. ಈಚಿನ ಚಿಪ್ಪುಗಳಲ್ಲಿ 128 ಬಿಟ್‌ನ ಎಇಎಸ್ ಗೂಢಲಿಪಿ ಬರುತ್ತಿದೆ, ಅದು ಬಹಳ ಗಟ್ಟಿ. ಹಾಗೆಂದು ಹಳೆಯ ಚಿಪ್ಪಿನ ಕಾರು ಇಟ್ಟುಕೊಂಡವರು ದಿಗಿಲುಬೀಳಬೇಕಿಲ್ಲ. ಚಿಪ್ಪನ್ನು ನಕಲು ಮಾಡಲು ಸಾಮಾನ್ಯವಾಗಿ ಅಸಲಿ ಕೀ ಕೆಲವು ನಿಮಿಷವಾದರೂ ಕೈಗೆ ಸಿಗಬೇಕು. ಆದ್ದರಿಂದ ಕೀ ಯಾರ ಯಾರ ಕೈಗೆ ಹೋಗಿಬಂತು ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ.

ಇಮ್ಮೊಬಿಲೈಜರ್ ನೋಡುವುದು ಒಂದನ್ನೇ: ಈ ಕೀ ನನ್ನ ಪಟ್ಟಿಯಲ್ಲಿದೆಯೇ? ಯಾರು ಹಿಡಿದಿದ್ದಾರೆ ಎಂದು ಅದಕ್ಕೆ ತಿಳಿಯದು. ಕಾರಿಗೆ ತಕ್ಕಂತೆ 4ರಿಂದ 8 ಕೀಗಳವರೆಗೆ ಮೆಮೊರಿಯಲ್ಲಿ ಸೇರಿಸಬಹುದು. ಹೊಸ ಕಾರಿನ ಜೊತೆ ಬರುವುದು ಸಾಮಾನ್ಯವಾಗಿ ಎರಡು. ಉಳಿದ ಜಾಗ ಖಾಲಿ ಇದೆಯೋ, ಯಾರಾದರೂ ತುಂಬಿದ್ದಾರೋ ಎಂದು ಬಹುಪಾಲು ಮಾಲೀಕರು ಒಮ್ಮೆಯೂ ಕೇಳಿರುವುದಿಲ್ಲ. ಸ್ಕ್ಯಾನರ್‌ನಲ್ಲಿ ಇಮ್ಮೊಬಿಲೈಜರ್ ಮೆನು ತೆರೆದರೆ ಎಷ್ಟು ಕೀ ನೋಂದಣಿಯಾಗಿದೆ ಎಂಬ ಸಂಖ್ಯೆ ಅನೇಕ ಕಾರುಗಳಲ್ಲಿ ಕಾಣುತ್ತದೆ. ಐದು ನಿಮಿಷದ ಕೆಲಸ. ಮುಂದಿನ ಸರ್ವಿಸ್‌ಗೆ ಬಿಟ್ಟಾಗ ಕೇಳಿ ನೋಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಮೈಸೂರಿನ ಕೆಎ 09 ಇರಲಿ, ಕೆಎ 55 ಇರಲಿ, ಮಂಡ್ಯದ ಕೆಎ 11 ಇರಲಿ, ಆರ್‌ಟಿಒದಲ್ಲಿ ಹೆಸರು ಬದಲಾದ ಮಾತ್ರಕ್ಕೆ ಕಾರಿನ ಮೆಮೊರಿ ಬದಲಾಗುವುದಿಲ್ಲ. ಎರಡೂ ಕೀ ಕೇಳಿ ಪಡೆಯಿರಿ. ಕೀ ಜೊತೆ ಬಂದಿದ್ದ ನಂಬರ್ ಟ್ಯಾಗ್ ಇದ್ದರೆ ಅದನ್ನೂ ಪಡೆಯಿರಿ. ಒಂದೇ ಕೀ ಕೊಟ್ಟು ಇನ್ನೊಂದು ಕಳೆದಿದೆ ಎಂದರೆ ವ್ಯಾಪಾರ ಮುಗಿದ ದಿನವೇ ಹಳೆಯ ಕೀಗಳನ್ನೆಲ್ಲ ಮೆಮೊರಿಯಿಂದ ಅಳಿಸಿ ನಿಮ್ಮ ಕೈಯಲ್ಲಿರುವುದನ್ನು ಮಾತ್ರ ಮತ್ತೆ ಸೇರಿಸಿ.

ಇಲ್ಲಿ ಒಂದು ಸೂಕ್ಷ್ಮವಿದೆ, ಎಷ್ಟೋ ಗ್ಯಾರೇಜಿನವರೂ ಇದನ್ನು ಹೇಳುವುದಿಲ್ಲ. ಡೂಪ್ಲಿಕೇಟ್ ಕೀ ಎರಡು ಬಗೆ. ಒಂದು, ಕಾರಿಗೆ ಸ್ಕ್ಯಾನರ್ ಹಾಕಿ ಹೊಸ ಚಿಪ್ಪನ್ನು ಸೇರಿಸುವುದು. ಇದು ಎಣಿಕೆಯಲ್ಲಿ ಸಿಗುತ್ತದೆ. ಎರಡು, ಕಾರನ್ನು ಮುಟ್ಟದೆ ಅಸಲಿ ಚಿಪ್ಪಿನ ಗುರುತು, ಗುಟ್ಟು ಎರಡನ್ನೂ ಖಾಲಿ ಚಿಪ್ಪಿಗೆ ನಕಲು ಮಾಡುವುದು, ಅಂದರೆ ಕ್ಲೋನ್. ಕಾರಿಗೆ ಅಸಲಿಯೂ ಕ್ಲೋನೂ ಒಂದೇ ಆಗಿ ಕಾಣುವುದರಿಂದ ಎಣಿಕೆ ಎರಡೇ ತೋರಿಸುತ್ತದೆ. ಅಸಲಿ ಕೀಯನ್ನು ಅಳಿಸಿ ಅದನ್ನೇ ಮರಳಿ ಸೇರಿಸಿದರೆ ಅನೇಕ ಕಾರುಗಳಲ್ಲಿ ಕ್ಲೋನ್ ಕೂಡ ಮತ್ತೆ ಕೆಲಸ ಮಾಡುತ್ತದೆ. ಕ್ಲೋನ್ ಆಗಿರಬಹುದು ಎಂಬ ಅನುಮಾನ ಇದ್ದರೆ ಹೊಸ ಚಿಪ್ ತರಿಸಿ ಸೇರಿಸಿ, ಹಳೆಯ ಚಿಪ್ಪನ್ನು ಕಾಯಂ ಆಗಿ ಕೈಬಿಡಬೇಕು. ಡ್ರೈವರ್‌ಗಳು ಬದಲಾಗುತ್ತಲೇ ಇರುವ ಟ್ರಾವೆಲ್ಸ್ ಮಾಲೀಕರು ಇದಕ್ಕೆ ಖರ್ಚು ಮಾಡಿದರೆ ಅದು ದಂಡದ ಖರ್ಚಲ್ಲ.

ದಸರಾ ದಿನಗಳಲ್ಲಿ ಮೈಸೂರಿನ ಹೋಟೆಲ್, ಕಲ್ಯಾಣ ಮಂಟಪಗಳ ಮುಂದೆ ಅಪರಿಚಿತರ ಕೈಗೆ ಕೀ ಕೊಟ್ಟು ಹೋಗುವುದು ಮಾಮೂಲು. ವಾಟರ್ ಸರ್ವಿಸ್‌ಗೆ ಬಿಟ್ಟಾಗಲಂತೂ ಕೀ ಇಗ್ನಿಷನ್‌ನಲ್ಲೇ ನೇತಾಡುತ್ತಿರುತ್ತದೆ. ಮನೆ ಕೀ, ಗೇಟಿನ ಕೀ ಸೇರಿದ ಗೊಂಚಲನ್ನು ಕೊಡಬೇಡಿ. ಸಾಧ್ಯವಾದರೆ ನೀವೇ ಪಾರ್ಕ್ ಮಾಡಿ ಕೀ ಜೇಬಿಗೆ ಹಾಕಿಕೊಳ್ಳಿ. ಎರಡನೆಯ ಕೀಯನ್ನು ಗ್ಲೋವ್ ಬಾಕ್ಸಿನಲ್ಲಿ ಇಡುವವರು ಇಮ್ಮೊಬಿಲೈಜರನ್ನು ತಾವೇ ಕಿತ್ತುಹಾಕಿದಂತೆ. ಗಾಜು ಒಡೆದವನಿಗೆ ಅಸಲಿ ಕೀಯೇ ಸಿಕ್ಕಿತು.

ಇದಕ್ಕಿಂತ ಗಂಭೀರವಾದ ಇನ್ನೊಂದು ತಪ್ಪಿದೆ. ಆಮೇಲೆ ಕೂರಿಸುವ ರಿಮೋಟ್ ಸ್ಟಾರ್ಟ್ ಅಥವಾ ಪುಶ್ ಬಟನ್ ಕಿಟ್ ಕೆಲಸ ಮಾಡಬೇಕಾದರೆ ಇಮ್ಮೊಬಿಲೈಜರ್ ಕೇಳುವ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕು. ಕೆಲವು ಫಿಟ್ಟರ್‌ಗಳು ಒಂದು ಕೀಯ ಚಿಪ್ ಬಿಚ್ಚಿ ಸ್ಟೇರಿಂಗ್ ಕವರ್ ಒಳಗೆ ಟೇಪ್ ಸುತ್ತಿ ಅಂಟಿಸುತ್ತಾರೆ. ಅಂದಿನಿಂದ ಆ ಕಾರಿಗೆ ಇಗ್ನಿಷನ್ ಬೀಗ ತಿರುಗಿಸುವ ಯಾವ ಲೋಹದ ಕೀ ಆದರೂ ಸಾಕು. ಮಾಲೀಕರಿಗೆ ಇದು ತಿಳಿದೂ ಇರುವುದಿಲ್ಲ. ಪರೀಕ್ಷೆ ಸುಲಭ: ಚಿಪ್ ಇಲ್ಲದ ಬರೀ ಲೋಹದ ಕೀ ಒಂದನ್ನು ಕತ್ತರಿಸಿಕೊಂಡು ಸ್ಟಾರ್ಟ್ ಮಾಡಿ. ಇಂಜಿನ್ ಓಡುತ್ತಲೇ ಇದ್ದರೆ ಕವರ್ ಬಿಚ್ಚಿಸಿ ಚಿಪ್ ತೆಗೆಸಿ. ಪರೀಕ್ಷೆ ಮುಗಿದ ಮೇಲೆ ಆ ಲೋಹದ ಕೀಯನ್ನು ಮನೆಯೊಳಗೆ ಭದ್ರವಾಗಿಡಿ, ಬಾಗಿಲನ್ನಂತೂ ಅದು ತೆಗೆಯುತ್ತದೆ.

ಕೀ ಜೇಬಿನಲ್ಲೇ ಇದ್ದು ಬಾಗಿಲು ತೆರೆಯುವ, ಬಟನ್ ಒತ್ತಿ ಸ್ಟಾರ್ಟ್ ಮಾಡುವ ಸ್ಮಾರ್ಟ್ ಕೀ ಕಾರುಗಳ ಕಥೆ ಸ್ವಲ್ಪ ಬೇರೆ. ಇಲ್ಲಿ ಕಾರು ತನ್ನ ಸುತ್ತ ಒಂದು ಮೀಟರಿನಷ್ಟು ದೂರಕ್ಕೆ ಕಡಿಮೆ ಆವರ್ತನದ ಅಲೆಯಲ್ಲಿ ಕೂಗುತ್ತದೆ. ಕೀ ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಕಾರಿನ ಕೂಗನ್ನು ಎತ್ತಿಕೊಂಡು ಮನೆಯೊಳಗಿನ ಕೀವರೆಗೆ ದಾಟಿಸುವ ಯಂತ್ರ ಇದ್ದರೆ ಕೀ ಪಕ್ಕದಲ್ಲೇ ಇದೆ ಎಂದು ಕಾರು ನಂಬಿಬಿಡುತ್ತದೆ. ಗುಟ್ಟು ಒಡೆಯುವ ಅಗತ್ಯವೇ ಬರುವುದಿಲ್ಲ. ನಮ್ಮ ಮನೆಗಳಲ್ಲಿ ಕೀ ಹ್ಯಾಂಗರ್ ಇರುವುದು ಮುಂಬಾಗಿಲ ಪಕ್ಕ, ಕಾರು ನಿಲ್ಲುವುದು ಗೇಟಿನ ಒಳಗೆ. ನಡುವೆ ಹತ್ತು ಅಡಿ. ಕೀಯನ್ನು ಒಳಕೋಣೆಗೆ ಸಾಗಿಸಿ. ಸಿಗ್ನಲ್ ತಡೆಯುವ ಚೀಲದಲ್ಲಿಟ್ಟರೆ ಇನ್ನೂ ಒಳ್ಳೆಯದು. ಚೀಲ ಸರಿಯಿದೆಯೇ ಎಂದು ತಿಳಿಯಲು ಕೀ ಒಳಗಿಟ್ಟುಕೊಂಡೇ ಕಾರಿನ ಹ್ಯಾಂಡಲ್ ಮುಟ್ಟಿ. ಬಾಗಿಲು ತೆರೆದುಕೊಂಡರೆ ಚೀಲ ಸವೆದಿದೆ.

ಕಳ್ಳರು ಡ್ಯಾಶ್‌ಬೋರ್ಡ್ ಕೆಳಗಿನ ಸ್ಕ್ಯಾನರ್ ಜೋಡಿಸುವ 16 ಪಿನ್ನಿನ ಓಬಿಡಿ ಸಾಕೆಟ್ಟಿಗೆ ಯಂತ್ರ ಚುಚ್ಚಿ ಹೊಸ ಕೀ ಸೇರಿಸುವುದೂ ಉಂಟು. ಸಾಕೆಟ್ಟಿಗೆ ಬೀಗವಿರುವ ಲೋಹದ ಮುಚ್ಚಳ ಹಾಕಿಸಿದರೆ ಅವರ ಸಮಯ ಹಾಳಾಗುತ್ತದೆ. ಸ್ಟೇರಿಂಗ್ ಲಾಕ್, ಗೇರ್ ಲಾಕ್‌ಗಳಿಂದ ಆಗುವ ಉಪಕಾರವೂ ಇದೇ. ಟೋ ಮಾಡಿ ಎಳೆದೊಯ್ಯುವುದನ್ನಾಗಲಿ ಚಕ್ರ ಬಿಚ್ಚುವುದನ್ನಾಗಲಿ ಇಮ್ಮೊಬಿಲೈಜರ್ ತಡೆಯದು.

ಇನ್ನು ಕಾರು ತನ್ನ ಮಾಲೀಕರನ್ನೇ ತಡೆಯುವ ಸಂದರ್ಭಗಳು. ಇಗ್ನಿಷನ್ ಆನ್ ಮಾಡಿದಾಗ ಮೀಟರಿನಲ್ಲಿ ಕೀ ಚಿತ್ರದ ದೀಪ ಒಂದೆರಡು ಸೆಕೆಂಡ್ ಹತ್ತಿ ಆರಬೇಕು. ಮಿಣುಕುತ್ತಲೇ ಇದ್ದರೆ ಚಿಪ್ ಓದಲಾಗುತ್ತಿಲ್ಲ ಎಂದರ್ಥ. ಅತಿ ಸಾಮಾನ್ಯ ಕಾರಣ ಹೊಸ ಕೀ ಕವರ್. ಹಳೆಯ ಕವರ್ ಒಡೆಯಿತೆಂದು ಹೊಸದನ್ನು ಹಾಕುವಾಗ ಚಿಪ್ ಹಳೆಯದರಲ್ಲೇ ಉಳಿದುಬಿಡುತ್ತದೆ. ಎಷ್ಟೋ ಕೀಗಳಲ್ಲಿ ಚಿಪ್ ಇರುವುದು ರಿಮೋಟ್ ಬೋರ್ಡಿನ ಮೇಲಲ್ಲ, ಬೇರೆ ಗೂಡಿನಲ್ಲಿ. ಹಳೆಯ ಕವರನ್ನು ಕಸಕ್ಕೆ ಹಾಕುವ ಮುಂಚೆ ಬಿಚ್ಚಿ ನೋಡಿ. ಎರಡನೆಯ ಕಾರಣ ಗೊಂಚಲು: ಇನ್ನೊಂದು ಕಾರಿನ ಚಿಪ್ ಕೀಯೋ, 125 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುವ ಆಫೀಸಿನ ಬಾಗಿಲ ಕಾರ್ಡೋ ಅದೇ ರಿಂಗಿನಲ್ಲಿದ್ದರೆ ಎರಡೂ ಒಟ್ಟಿಗೆ ಮಾತನಾಡಿ ಕಾರಿಗೆ ಯಾವುದೂ ಅರ್ಥವಾಗುವುದಿಲ್ಲ. ಬೇರ್ಪಡಿಸಿ ಮತ್ತೆ ಪ್ರಯತ್ನಿಸಿ.

ರಿಮೋಟಿನ ಸೆಲ್ ಮುಗಿದರೆ ಅದರ ಬಟನ್ನಿಗೆ ಬಾಗಿಲು ತೆರೆಯದು, ಆದರೆ ತಿರುಗಿಸುವ ಕೀಯ ಚಿಪ್ಪಿಗೆ ಅದರಿಂದ ತೊಂದರೆಯಿಲ್ಲ. ಸ್ಮಾರ್ಟ್ ಕೀಯಲ್ಲಿ ಸೆಲ್ ಮುಗಿದಿದ್ದರೆ ಒಳಗಿನ ಲೋಹದ ಕೀಯಿಂದ ಬಾಗಿಲು ತೆರೆದು, ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ಒತ್ತಿಹಿಡಿದು ಸ್ಟಾರ್ಟ್ ಮಾಡಬಹುದು. ಕೆಲವು ಕಾರುಗಳಲ್ಲಿ ಆ ಜಾಗ ಬೇರೆ ಕಡೆ ಇರುತ್ತದೆ, ಕೈಪಿಡಿಯಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಸೆಲ್ 3 ವೋಲ್ಟಿನ ನಾಣ್ಯದಾಕಾರದ್ದು, ನಂಬರ್ ಸೆಲ್ಲಿನ ಮೇಲೆಯೇ ಇರುತ್ತದೆ. ಕಾರಿನ ಬ್ಯಾಟರಿಯನ್ನೂ ಮರೆಯಬೇಡಿ. ನಿಂತಿದ್ದಾಗ 12.6 ವೋಲ್ಟ್ ಇರಬೇಕಾದ್ದು 12ಕ್ಕಿಂತ ಕೆಳಗಿದ್ದರೆ ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ ಕುಸಿದು ಕಂಟ್ರೋಲ್ ಯೂನಿಟ್ಟುಗಳು ರೀಸೆಟ್ ಆಗುತ್ತವೆ. ತಪ್ಪೆಲ್ಲ ಇಮ್ಮೊಬಿಲೈಜರ್ ಮೇಲೆ ಬರುತ್ತದೆ.

ಮಂಡ್ಯ ಕಡೆ ಗದ್ದೆ, ಕಬ್ಬಿನ ತೋಟದ ಪಕ್ಕ ನಿಲ್ಲುವ ಕಾರುಗಳಿಗೆ ಇಲಿಯ ಕಾಟ ಜಾಸ್ತಿ. ಕಡಿದ ವೈರ್ ಇಸಿಯು ಜೊತೆಗಿನ ಸಂಪರ್ಕದ್ದಾಗಿದ್ದರೆ ಕೀ ಸರಿಯಿದ್ದರೂ ಗಾಡಿ ಸ್ಟಾರ್ಟ್ ಆಗದು. ಸ್ಕ್ಯಾನರ್‌ನಲ್ಲಿ ಯು0167 ಕೋಡ್ ಬಂದರೆ ಇಮ್ಮೊಬಿಲೈಜರ್ ಯೂನಿಟ್ ಜೊತೆ ಸಂಪರ್ಕ ತಪ್ಪಿದೆ ಎಂದು, ಪಿ0513 ಬಂದರೆ ಕೀ ಸರಿಯಾದದ್ದಲ್ಲ ಎಂದು, ಪಿ0633 ಬಂದರೆ ಇಂಜಿನ್ ಇಸಿಯುಗೆ ಕೀ ನೋಂದಣಿಯಾಗಿಲ್ಲ ಎಂದು ಅರ್ಥ. ಕೋಡ್ ನೋಡದೆ ಹೊಸ ಕೀಗೆ ಆರ್ಡರ್ ಕೊಡಿಸುವ ಗ್ಯಾರೇಜಿಗೆ ಎರಡನೆಯ ಸಲ ಹೋಗಬೇಡಿ. ಎರಡನೆಯ ಕೀ ಹಾಕಿ ನೋಡಿದರೆ ಅರ್ಧ ಪತ್ತೆದಾರಿ ಮುಗಿಯುತ್ತದೆ. ಅದರಲ್ಲಿ ಸ್ಟಾರ್ಟ್ ಆದರೆ ದೋಷ ಕೀಯದು, ಆಗದಿದ್ದರೆ ಕಾರಿನದು.

ಕೀ ಕಳೆದುಹೋದರೆ ಮೊದಲು ಪೊಲೀಸರಿಗೆ ಕಳೆದ ವಸ್ತುವಿನ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ. ಆರ್‌ಸಿ, ಗುರುತಿನ ಚೀಟಿ, ಕೀ ನಂಬರ್ ಟ್ಯಾಗ್, ಉಳಿದಿರುವ ಎಲ್ಲ ಕೀಗಳನ್ನು ತೆಗೆದುಕೊಂಡು ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋಗಿ. ಉಳಿದ ಕೀಯನ್ನು ಮನೆಯಲ್ಲೇ ಬಿಟ್ಟು ಹೋದರೆ ಮೆಮೊರಿ ಅಳಿಸುವಾಗ ಅದೂ ಅಳಿಸಿಹೋಗಿ ಮತ್ತೊಮ್ಮೆ ಓಡಾಡಬೇಕಾಗುತ್ತದೆ. ಕಳೆದ ಕೀ ಇನ್ನು ಇಂಜಿನ್ ಸ್ಟಾರ್ಟ್ ಮಾಡದಿದ್ದರೂ ಬಾಗಿಲು ತೆಗೆಯಬಲ್ಲದು. ಕೀ ಜೊತೆ ಮನೆ ವಿಳಾಸವಿದ್ದ ಪರ್ಸೂ ಹೋಗಿದ್ದರೆ ಬಾಗಿಲ ಬೀಗಗಳ ಸೆಟ್ಟನ್ನೇ ಬದಲಿಸುವುದು ಕ್ಷೇಮ. ಮುಂದೆಂದಾದರೂ ಕಾರು ಕಳುವಾದರೆ ವಿಮಾ ಕಂಪನಿ ಕೇಳುವ ಮೊದಲ ವಸ್ತುಗಳಲ್ಲಿ ಎಲ್ಲ ಅಸಲಿ ಕೀಗಳೂ ಸೇರಿರುತ್ತವೆ. ಒಂದು ಕಡಿಮೆಯಿದ್ದರೆ ಅದಕ್ಕೆ ಉತ್ತರ ಕಾಗದದಲ್ಲಿರಬೇಕು. ಆದ್ದರಿಂದ ಯಾವ ಕೀ ಅಳಿಸಲಾಯಿತು, ಯಾವುದು ಹೊಸದಾಗಿ ಸೇರಿತು, ಈಗ ಮೆಮೊರಿಯಲ್ಲಿ ಎಷ್ಟಿವೆ ಎಂಬುದನ್ನು ಸರ್ವಿಸ್ ಬಿಲ್ಲಿನಲ್ಲೇ ತಾರೀಖು ಸಹಿತ ಬರೆಸಿಕೊಂಡು, ಪೊಲೀಸ್ ದೂರಿನ ಪ್ರತಿಯ ಜೊತೆ ಪಾಲಿಸಿ ಫೈಲಿನಲ್ಲಿ ಇಡಿ.